ಹೆನ್ರಿ ಕಳೆದುಹೋದ ಶನಿವಾರ

ಮೊನ್ನೆ ಕ್ಲಾಸೆಟ್ಟಿನ ಮೇಲಿನ ಹಲಗೆ ಖಾಲಿ ಮಾಡುತ್ತಿದ್ದಾಗ ಒಂದು ಮಂಕಿ ಟೋಪಿ ನನ್ನ ತಲೆಯ ಮೇಲೆ ಬಿತ್ತು. ಕಾಫಿಪುಡಿಯ ಬಣ್ಣ, ನೆತ್ತಿಯ ಮೇಲೊಂದು ಉಲ್ಲನ್ ಚೆಂಡು, ಗಲ್ಲದ ಕೆಳಗೆ ಗುಂಡಿ ಕಿತ್ತುಹೋದ ಜಾಗದಲ್ಲಿ ಒಂದು ಪಿನ್ನು. ಕಿವಿಯ ಹತ್ತಿರ ಯಾವುದೋ ಕಾಡುಗಿಡದ ಮುಳ್ಳುಕಾಯಿ ಇಷ್ಟು ವರ್ಷವಾದರೂ ಬಿಡದೆ ಅಂಟಿಕೊಂಡಿತ್ತು. ಮದುವೆಯಾದ ಹೊಸದರಲ್ಲಿ ನಾನೂ ಹೀಗೇ ಅಂಟಿಕೊಂಡಿದ್ದೆ ಎಂದು ನಮ್ಮವರು ಹೇಳುವುದುಂಟು. ನಂಬಬೇಡಿ.

ಮಂಕಿ ಟೋಪಿಯೆಂದರೆ ನಿಮಗೆ ಗೊತ್ತಲ್ಲ. ಚಳಿಗಾಲ ಬಂತೆಂದರೆ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರು ಹರಡಿಕೊಂಡು ಕೂರುವ ಟಿಬೆಟಿನವರಿಂದ ನಮ್ಮ ಅತ್ತೆ ಚೌಕಾಸಿ ಮಾಡಿ ಮಾಡಿ, ಆ ಮಾರುವವಳಿಗೇ ಅಳು ಬರುವಷ್ಟು ಚೌಕಾಸಿ ಮಾಡಿ ತಂದದ್ದು ಇದು. ಮಗ ಅಮೆರಿಕೆಗೆ ಹೊರಟಾಗ ಪಾಸ್‌ಪೋರ್ಟಿಗಿಂತ ಮೊದಲು ಇದನ್ನು ಕೈಗಿಟ್ಟರು. ಮೈಸೂರಿನ ಗಂಡಸರು ಡಿಸೆಂಬರಿನ ಬೆಳಗ್ಗೆ ಹಾಲು ತರಲು ಇದನ್ನು ಹಾಕಿಕೊಂಡು ಹಿಮಾಲಯ ಹತ್ತುವವರ ಗತ್ತಿನಲ್ಲಿ ಹೊರಡುತ್ತಾರೆ. ಅದೇ ಹವೆಯಲ್ಲಿ ಮೇರಿಲ್ಯಾಂಡಿನವರು ಚಡ್ಡಿ ಹಾಕಿಕೊಂಡು ಕಾರು ತೊಳೆಯುತ್ತಾರೆ. ಈ ಟೋಪಿಯೊಳಗೆ ಕಣ್ಣು, ಮೂಗು, ಅರ್ಧ ಬಾಯಿ ಮಾತ್ರ ಕಾಣುವ ನಮ್ಮವರನ್ನು ಒಂದು ಕಡೆಯಿಂದ ನೋಡಿದರೆ ಕುಲಾವಿ ಹಾಕಿದ ಹಸುಗೂಸು, ಇನ್ನೊಂದು ಕಡೆಯಿಂದ ನೋಡಿದರೆ ಬ್ಯಾಂಕ್ ದರೋಡೆಗೆ ಹೊರಟವರು. ಒಮ್ಮೆ ಹಾಗೇ ಬ್ಯಾಂಕಿಗೆ ಹೋಗಿದ್ದರು ಕೂಡ. ಕೌಂಟರಿನ ಹುಡುಗಿ ಎರಡೂ ಕೈ ಮೇಜಿನ ಮೇಲಿಟ್ಟು ಬಹಳ ನಿಧಾನವಾಗಿ ಮಾತಾಡಿದಳಂತೆ. "ಎಷ್ಟು ಪೊಲೈಟು ನೋಡು ಈ ಜನ," ಎಂದು ಮನೆಗೆ ಬಂದು ಹೊಗಳಿದರು.

ಆಗ ನಾವು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿದ್ದೆವು. ತೊಂಬತ್ತರ ದಶಕ. ಹೈವೇ ಪಕ್ಕದ ಒಂದು ಲ್ಯಾಬಿನಲ್ಲಿ ನಮ್ಮವರಿಗೆ ಕೆಲಸ. ಥರ್ಮಾಮೀಟರುಗಳು ಸರಿಯಾಗಿ ಅಳೆಯುತ್ತವೆಯೋ ಇಲ್ಲವೋ ಎಂದು ಅಳೆಯುವುದು. ಇಷ್ಟು ಸೂಕ್ಷ್ಮದ ಮನುಷ್ಯರಿಗೆ ಮನೆಯಲ್ಲಿ ಕಾಫಿ ಬಿಸಿಯಾಗಿದೆಯೆಂದು ತಿಳಿಯುವುದು ನಾಲಿಗೆ ಸುಟ್ಟ ಮೇಲೆಯೇ. ಮಗಳು ಅನು ಇಲ್ಲೇ ಹುಟ್ಟಿದವಳು, ಆಗಷ್ಟೇ ಸ್ಕೂಲಿಗೆ ಹೋಗಲು ಶುರುಮಾಡಿದ್ದಳು. ನಾನು ಮೂರನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಡ್ರೈವಿಂಗ್ ಟೆಸ್ಟಿನಲ್ಲಿ ಅಳಿಲಿಗೆ ದಾರಿಬಿಡಲೆಂದು ಹಸಿರು ದೀಪದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಫೇಲು ಮಾಡಿದ್ದರು. ಆ ವರ್ಷ ಹಿಮವೂ ವಿಪರೀತ. ಹೀಟರಿನ ಬಿಸಿಗಾಳಿಗೆ ತುಟಿ ಒಡೆದು, ಕೂದಲು ನಿಮಿರಿ, ಬಾಗಿಲ ಹಿಡಿ ಮುಟ್ಟಿದರೆ ಚಟ್ಟೆಂದು ಶಾಕು ಹೊಡೆದು, ಇಡೀ ಮನೆಯೇ ನನ್ನ ಮೇಲೆ ಸಿಡುಕುತ್ತಿದೆ ಅನಿಸುತ್ತಿತ್ತು. ಕಿಟಕಿಯಲ್ಲಿ ನಿಂತರೆ ಪಾರ್ಕಿಂಗ್ ಲಾಟಿನ ಬಿಳಿ ಗುಡ್ಡೆಗಳು. ಯಾವುದು ಯಾರ ಕಾರೆಂದು ಊಹಿಸುವುದೇ ನನ್ನ ಮಧ್ಯಾಹ್ನದ ಮನರಂಜನೆ. ಒಂದು ದಿನ ಟಪಾಲಿನವನು ಮೇಲೆ ನೋಡಿ ಕೈಬೀಸಿದ. ಅವನು ಹೋದ ಮೇಲೂ ನಾನು ಕೈಬೀಸುತ್ತಲೇ ಇದ್ದೆ. ಆಗಲೇ ಅನಿಸಿದ್ದು, ಇನ್ನು ಮನುಷ್ಯರ ಮುಖ ನೋಡದಿದ್ದರೆ ನಾನು ಪ್ರೆಷರ್ ಕುಕ್ಕರಿನ ಜೊತೆ ಮಾತಾಡಲು ಶುರುಮಾಡುತ್ತೇನೆ ಎಂದು. ನಿಜ ಹೇಳಬೇಕೆಂದರೆ ಅದು ಶುರುವಾಗಿ ಒಂದು ವಾರವಾಗಿತ್ತು.

ಲೈಬ್ರರಿಯ ಗೋಡೆಯಲ್ಲಿ ಆ ಚೀಟಿ ಕಂಡದ್ದು ಅದೇ ವಾರ. ಪ್ರತಿ ಶನಿವಾರ ಊರಾಚೆಯ ಹೊಲಗದ್ದೆಗಳ ಕಡೆ ಕಾಲ್ನಡಿಗೆ, ಹಿಮವಿದ್ದರೂ ಸರಿ ಬಿಸಿಲಿದ್ದರೂ ಸರಿ, ಯಾರು ಬೇಕಾದರೂ ಬರಬಹುದು. ನನಗೆ ಮೈಯೆಲ್ಲ ಪುಳಕ. ಏಕೆಂದರೆ ಹಿಮದಲ್ಲಿ ನಡೆಯುವ ವಿಷಯದಲ್ಲಿ ನಾನು ಸಣ್ಣ ವಯಸ್ಸಿಗೇ ಪ್ರಬಂಧ ಬರೆದವಳು!

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸಿಸ್ಟರ್ ಫಿಲೊಮಿನಾ ಒಂದು ದಿನ, ಬಿರುಬೇಸಿಗೆಯಲ್ಲಿ, 'ಹಿಮದಲ್ಲೊಂದು ನಡಿಗೆ' ಎಂಬ ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ನಮ್ಮಲ್ಲಿ ಯಾರೂ ಐಸ್‌ಕ್ಯಾಂಡಿಗಿಂತ ದೊಡ್ಡ ಹಿಮ ನೋಡಿದವರಲ್ಲ. ನಾನು ಹಿಂಜರಿಯದೆ ಬರೆದೆ: ಬೆಳಗ್ಗೆ ಎದ್ದಾಗ ಹಿಮ ಬಿದ್ದಿತ್ತು. ಅಮ್ಮ ಅದರ ಮೇಲೆ ನೀರು ಚಿಮುಕಿಸಿ ರಂಗೋಲಿ ಹಾಕಿದಳು. ನಾವೆಲ್ಲ ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಹಿಮದ ಮೇಲೆ ನಡೆದೆವು. ಅಷ್ಟು ಬೆಳ್ಳಗಿರುವುದನ್ನು ಚಪ್ಪಲಿ ಕಾಲಲ್ಲಿ ತುಳಿಯುವುದುಂಟೇ? ಸಿಸ್ಟರ್ ಕೆಂಪು ಇಂಕಿನಲ್ಲಿ ಪಕ್ಕದಲ್ಲಿ ಬರೆದರು, 'ಮಗೂ, ನಿನ್ನ ಕಾಲು ಉದುರಿ ಹೋಗುತ್ತದೆ.' ಬಿಳಿಯ ಮೇಲೆ ಬಿಳಿ ರಂಗೋಲಿ ಕಾಣುವುದು ಹೇಗೆಂದು ಮಾತ್ರ ಅವರೂ ಕೇಳಲಿಲ್ಲ.

ಲೈಬ್ರರಿಯ ಚೀಟಿ ಕಂಡ ದಿನ ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆದೆ.

"ಏನ್ರೀ, ಶನಿವಾರ ಒಂದು ವಾಕ್ ಇದೆಯಂತೆ."

"ಎಲ್ಲಿ, ಮಾಲ್‌ನಲ್ಲಾ?"

"ಅಲ್ಲ, ಹೊರಗೆ. ಹಳ್ಳಿ ಕಡೆ. ಹಿಮದಲ್ಲಿ."

ಅವರು ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. "ಹಿಮ ಅನ್ನೋದು ಕಿಟಕಿಯಿಂದ ನೋಡೋಕೆ ಇರೋದು ಕಣೇ. ಹೊರಗೆ ಎಷ್ಟು ಡಿಗ್ರಿ ಗೊತ್ತಾ?"

"ಗೊತ್ತು. ನೀವು ಬೆಳಗ್ಗೆಯಿಂದ ಹೇಳ್ತಾನೇ ಇದೀರ."

"ಕಾಲು ಜಾರಿ ಬಿದ್ದು ಮೂಳೆ ಮುರ್ಕೊಂಡ್ರೆ?"

"ಮನೇಲೇ ಕೂತು ತಲೆ ಕೆಟ್ರೆ? ನಿನ್ನೆ ಕುಕ್ಕರಿಗೆ ಗುಡ್ ಮಾರ್ನಿಂಗ್ ಹೇಳಿದೀನಿ ರೀ."

ಕುಕ್ಕರಿನ ವಿಷಯ ಕೇಳಿ ಅವರು ಸ್ವಲ್ಪ ಹೆದರಿದರು. ಕೊನೆಗೆ ಒಂದು ಷರತ್ತು ಹಾಕಿದರು. "ಒಂದೇ ಒಂದು ಸಲ. ನಾನೂ ಬರ್ತೀನಿ. ಅಲ್ಲೇನಾದ್ರೂ ಎಡವಟ್ಟಾಯ್ತೋ, ಏಪ್ರಿಲ್‌ವರೆಗೂ ಇದರ ಸುದ್ದಿ ಎತ್ತಕೂಡದು. ಒಪ್ಪಿಗೇನಾ?"

ಏಪ್ರಿಲ್! ಕಿಟಕಿಯಾಚೆ ಇನ್ನೂ ಜನವರಿ ಕಾಲು ಚಾಚಿ ಮಲಗಿತ್ತು. ಆದರೂ ಒಪ್ಪಿದೆ. ಎಡವಟ್ಟಾಗದಂತೆ ನಡೆಯುವುದು ಎಷ್ಟರ ಮಾತು, ಕಾಲು ಎತ್ತಿ ಇಡಬೇಕು, ಅಷ್ಟೇ ತಾನೆ ಎಂದುಕೊಂಡೆ.

ಅನುವನ್ನು ಶಕುಂತಲಕ್ಕನ ಮನೆಯಲ್ಲಿ ಬಿಡುವುದೆಂದಾಯಿತು. ಶಕುಂತಲಕ್ಕ ಧಾರವಾಡದವರು, ಗಂಡ ಡಾಕ್ಟರು, ನಮ್ಮದೇ ಕಾಂಪ್ಲೆಕ್ಸಿನ ಕೆಳಮಹಡಿ. ವಿಷಯ ಕೇಳಿ ಫೋನಿನಲ್ಲೇ ಹಣೆ ಬಡಿದುಕೊಂಡರು. "ಅಲ್ಲ ಸುಮಿತ್ರಾ, ಹುಚ್ಚುಗಿಚ್ಚು ಹಿಡದದ ಏನು ನಿನಗ? ಇಂಥಾ ಚಳ್ಯಾಗ ನಾಯೀನೂ ಹೊರಗ ಹೊಂಡೂದಿಲ್ಲ. ಅಂವಾ ಪಾಪ ನಿನ್ನ ಗಂಡ, ಅವನ್ನೂ ಎಳಕೊಂಡು ಹೊಂಟಿ!" ಎಂದು ಬೈದು, ಬೈದು ಮುಗಿದ ಮೇಲೆ ಉಪಾಯವನ್ನೂ ಹೇಳಿದರು: ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಆಮೇಲೆ ಬೂಟು ಹಾಕಿಕೊಳ್ಳಬೇಕು, ನೀರು ಇಳಿಯುವುದಿಲ್ಲ. ಹಾಗೇ ಮಾಡಿದೆವು. ಚೂಡಿದಾರದ ಮೇಲೆ ನಮ್ಮವರ ಹಳೇ ಪ್ಯಾಂಟು, ಅದರ ಮೇಲೆ ಜಾಕೆಟ್ಟು, ಮಫ್ಲರು. ಹೆಜ್ಜೆಯಿಟ್ಟರೆ ಬೂಟಿನೊಳಗಿಂದ ಬ್ರೆಡ್ಡಿನ ಚೀಲ ಸರಬರ ಎನ್ನುತ್ತಿತ್ತು. ಬ್ಯಾಗಿನಲ್ಲಿ ಪುಳಿಯೋಗರೆಯ ಡಬ್ಬಿ, ಫ್ಲಾಸ್ಕಿನ ತುಂಬ ಕಾಫಿ. ಈ ಕಾಫಿಯೇ ಮುಂದಿನ ಅನರ್ಥಕ್ಕೆಲ್ಲ ಮೂಲ. ಆದರೆ ಕಾಫಿಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಊರು ದಾಟಿ ಒಂದು ಕೊಟ್ಟಿಗೆಯ ಪಕ್ಕ ಕಾರುಗಳು ನಿಂತಿದ್ದವು. ಗುಂಪಿನ ಮುಖ್ಯಸ್ಥೆ ಡಾರಥಿ. ವಯಸ್ಸಾದವಳು, ಸೌತ್ ಕೆರೊಲೈನಾದ ಕಡೆಯವಳು, ಮಾತನ್ನು ಜೇನಿನಲ್ಲಿ ಅದ್ದಿ ಎಳೆಎಳೆಯಾಗಿ ಬಿಡುವವಳು. ಕತ್ತಿನಲ್ಲೊಂದು ಸೀಟಿ, ಎರಡೂ ಕೈಯಲ್ಲಿ ಊರುಗೋಲು. ಬಂದವರ ಹೆಸರು ಕೇಳಿ ದೊಡ್ಡ ಅಕ್ಷರದಲ್ಲಿ ಸ್ಟಿಕ್ಕರಿನ ಮೇಲೆ ಬರೆದು ಎದೆಗೆ ಹಚ್ಚುತ್ತಿದ್ದಳು. ನನ್ನ 'ಸುಮಿತ್ರಾ'ದಲ್ಲಿ ಅವಳಿಗೆ ದಕ್ಕಿದ್ದು 'ಸೂ' ಮಾತ್ರ. ಪರವಾಗಿಲ್ಲ ಎಂದೆ. ಆಮೇಲೆ ಕೇಳಿದಳು, "ಆ್ಯಂಡ್ ಯುವರ್ ಹಸ್ಬೆಂಡ್, ಹನಿ?"

ಇಲ್ಲಿ ಒಂದು ಮಾತು ಹೇಳಬೇಕು. ನಾನು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮಜ್ಜಿ ಹೇಳುತ್ತಿದ್ದರು. ನಾನೇನೂ ಅದನ್ನು ನಂಬುವವಳಲ್ಲ. ಆದರೆ ಪರೀಕ್ಷೆ ಮಾಡಿ ನೋಡುವಷ್ಟು ಧೈರ್ಯವೂ ಇಲ್ಲ. ಡಾಕ್ಟರ ಆಫೀಸಿನಲ್ಲಿ ಕೇಳಿದರೆ ಇನ್ಶೂರೆನ್ಸ್ ಕಾರ್ಡು ಚಾಚುತ್ತೇನೆ. ಬರೆಯುವುದಕ್ಕೆ ಅಡ್ಡಿಯಿಲ್ಲ: ನರಸಿಂಹಮೂರ್ತಿ. ನೋಡಿ, ಏನೂ ಆಗಲಿಲ್ಲ, ಪಕ್ಕದ ರೂಮಿನಲ್ಲಿ ಒಂದು ಸಲ ಕೆಮ್ಮಿದರು, ಅಷ್ಟೇ. ಅವರೂ ಅಷ್ಟೇ, ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮನೆಯಲ್ಲಿ 'ಲೇ', ನಾಲ್ಕು ಜನರ ಮುಂದೆ 'ಇವಳೇ'.

ಹಾಗಾಗಿ ಡಾರಥಿ ಕೇಳಿದಾಗ ನಾನು ಮಾಡಿದ್ದು ಯಾವ ಗೃಹಿಣಿಯಾದರೂ ಮಾಡುವಂಥದ್ದೇ. ಕಾರಿನ ಹತ್ತಿರ ಮಂಕಿ ಟೋಪಿಯ ಪಿನ್ನಿನ ಜೊತೆ ಗುದ್ದಾಡುತ್ತಿದ್ದ ನಮ್ಮವರ ಕಡೆ ತಿರುಗಿ ಜೋರಾಗಿ ಕೂಗಿದೆ.

"ಏನ್ರೀ! ಏನ್ರೀ! ಬನ್ರೀ ಇಲ್ಲಿ!"

ಡಾರಥಿಯ ಮುಖ ಅರಳಿತು. "ಓಹ್, ಲವ್ಲಿ," ಎಂದಳು. ಏನು ಲವ್ಲಿಯೋ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಬೂಟಿನಿಂದ ಬ್ರೆಡ್ಡಿನ ಚೀಲ ಇಣುಕುತ್ತಿದ್ದದ್ದು ಕಂಡು ಅದನ್ನು ಒಳಗೆ ತುರುಕಲು ಬಗ್ಗಿದೆ. ಎದ್ದು ನೋಡಿದರೆ ನಮ್ಮವರ ಎದೆಗೂ ಸ್ಟಿಕ್ಕರು ಬಿದ್ದಿತ್ತು, ಅದರ ಮೇಲೆ ಮಫ್ಲರು ಜೋತಾಡುತ್ತಿತ್ತು. ಸದ್ಯ, ಅವರೇ ಹೆಸರು ಹೇಳಿಕೊಂಡರಲ್ಲ ಎಂದು ಸಮಾಧಾನವಾಯಿತು.

ಹೊರಟೆವು. ಡಾರಥಿ ಎಲ್ಲರ ತಲೆ ಎಣಿಸಿ, ಸೀಟಿ ಊದಿ, ಜೋಡಿಜೋಡಿಯಾಗಿ ನಡೆಯಿರಿ ಎಂದಾಗ ನಾನು ಮತ್ತೆ ಕಾನ್ವೆಂಟಿಗೇ ಬಂದುಬಿಟ್ಟೆ. ಸಿಸ್ಟರುಗಳೂ ಹೀಗೇ ನಮ್ಮನ್ನು ಕೈಕೈ ಹಿಡಿಸಿ ಸಾಲಾಗಿ ವಾಕಿಂಗ್ ಕರೆದೊಯ್ಯುತ್ತಿದ್ದರು. ಆಗ ನನ್ನ ಜೋಡಿಯಾಗಿದ್ದವಳ ಕೈ ಸದಾ ಬೆವರುತ್ತಿತ್ತು. ಈಗ ನನ್ನ ಜೋಡಿಗೆ ಬಂದದ್ದು ಕೆಂಪುಗಡ್ಡದ, ಬಾಗಿಲಿನಷ್ಟು ಎತ್ತರದ ಒಬ್ಬ ಮನುಷ್ಯ. ಜಾಕೆಟ್ಟಿನ ಮೇಲೆ ಇನ್ನೊಂದು ಜಾಕೆಟ್ಟು ಹಾಕಿಕೊಂಡಿದ್ದರಿಂದ ಅವನ ಹೆಸರೂ ಕಾಣುತ್ತಿರಲಿಲ್ಲ. ಮಾತೂ ಕಡಿಮೆ. ನಮ್ಮವರನ್ನು ಡಾರಥಿ ತನ್ನ ಜೋಡಿ ಮಾಡಿಕೊಂಡು ಮುಂದೆ ನಡೆದಳು.

ಹಿಮ ಹೇಗಿತ್ತು ಎಂದು ಕೇಳುತ್ತೀರಿ. ಅಕ್ಕಿಹಿಟ್ಟನ್ನು ಹದವಾಗಿ ಜರಡಿ ಹಿಡಿದಂತಿತ್ತು. ಕೊಯ್ಲಾದ ಜೋಳದ ಹೊಲದಲ್ಲಿ ಕೂಳೆಗಳು ಬಿಳುಪಿನಿಂದ ಮೇಲೆದ್ದು, ವಾರದಿಂದ ಕ್ಷೌರ ಮಾಡಿಕೊಳ್ಳದ ಗಲ್ಲದಂತೆ ಕಾಣುತ್ತಿದ್ದವು. ಬೇಲಿಯ ಪ್ರತಿ ಗೂಟದ ಮೇಲೂ ಒಂದೊಂದು ಇಡ್ಲಿ. ಒಂದು ಕಾಗೆ ಕೂತು ಹಾರಿದ್ದರಿಂದ ಒಂದೇ ಒಂದು ಇಡ್ಲಿಯ ಮೇಲ್ಭಾಗ ಒತ್ತಿಹೋಗಿತ್ತು. ನಮ್ಮ ಹೆಜ್ಜೆಯ ಕರಕರ ಬಿಟ್ಟರೆ ಸದ್ದೇ ಇಲ್ಲ. ಇಷ್ಟು ಜನ ನಡೆಯುತ್ತಿದ್ದಾರೆ, ಯಾರೂ ಹಾರನ್ ಹೊಡೆಯುತ್ತಿಲ್ಲ, ಯಾರೂ ಏನನ್ನೂ ಮಾರುತ್ತಿಲ್ಲ. ಮೊದಲು ಸೊಗಸೆನಿಸಿತು, ಆಮೇಲೆ ಕಿವಿ ನೋಯತೊಡಗಿತು.

ಮುಂದಿನಿಂದ ಆಗಾಗ "ಹೆನ್ರಿ" ಎಂಬ ಮಾತು ತೇಲಿಬರುತ್ತಿತ್ತು. ಹೆನ್ರಿಗೆ ಚಳಿಯೇ, ಹೆನ್ರಿ ಎಂಥ ಚೆಂದದ ಟೋಪಿ ಹಾಕಿದ್ದಾನೆ, ಹೆನ್ರಿ ಎಷ್ಟು ಕಡಿಮೆ ಮಾತಾಡುತ್ತಾನೆ. ಕಡಿಮೆ ಮಾತು ಎಂದೊಡನೆ ನನ್ನ ಪಕ್ಕದ ಕೆಂಪುಗಡ್ಡದವನೇ ಹೆನ್ರಿ ಎಂದು ತೀರ್ಮಾನಿಸಿಬಿಟ್ಟೆ. ತಲೆಯ ಮೇಲೆ ಅವನಿಗೂ ಒಂದು ಟೋಪಿಯಿತ್ತು. ಹಾಗಾಗಿ ವಿಶ್ರಾಂತಿಗೆ ನಿಂತಾಗ, ಕಾನ್ವೆಂಟಿನಲ್ಲಿ ಕಲಿತ ನಯವನ್ನೆಲ್ಲ ಹೊರತೆಗೆದು, "ಡು ಹ್ಯಾವ್ ಸಮ್, ಹೆನ್ರಿ," ಎಂದು ಪುಳಿಯೋಗರೆಯ ಡಬ್ಬಿ ಚಾಚಿದೆ. ಅವನು ಹಿಂದೆ ತಿರುಗಿ ನೋಡಿ, ಯಾರೂ ಇಲ್ಲದ್ದರಿಂದ ತಾನೇ ತೆಗೆದುಕೊಂಡ. ಒಣಮೆಣಸಿನಕಾಯಿಯನ್ನೂ ಬಿಡದೆ ತಿಂದ. ಅವನ ಮುಖ ಗಡ್ಡದ ಬಣ್ಣಕ್ಕೆ ಬಂತು. ಪ್ರತಿಯಾಗಿ ಜೇಬಿನಿಂದ ಕಡಲೇಬೀಜ, ದ್ರಾಕ್ಷಿ, ಬಾದಾಮಿ ಕೊಟ್ಟ. ಕಾಡಿನಲ್ಲಿ ನಡೆಯುವವರ ತಿಂಡಿಯಂತೆ. ನಮ್ಮಲ್ಲಿ ಇದನ್ನು ಅರಿಶಿನ ಕುಂಕುಮದ ಜೊತೆ ಪೊಟ್ಟಣ ಕಟ್ಟಿ ಮುತ್ತೈದೆಯರ ಕೈಗಿಡುತ್ತೇವೆಂದು ವಿವರಿಸಲು ಹೋಗಿ ಅರ್ಧದಲ್ಲೇ ಬಿಟ್ಟೆ.

ನಮ್ಮವರು ಆಚೆ ನಿಂತು ಫ್ಲಾಸ್ಕಿನ ಕಾಫಿಯನ್ನು ಬಹುಪಾಲು ತಾವೇ ಮುಗಿಸಿದರು.

ಅಲ್ಲಿಂದ ದಾರಿ ಮರಗಳ ನಡುವೆ ಇಳಿಯಿತು. ಸಣ್ಣದೊಂದು ತೊರೆ ದಾಟಿ, ಮುರುಕು ಕೊಟ್ಟಿಗೆಯ ಹತ್ತಿರ ನಿಂತಾಗ ಡಾರಥಿ ಮತ್ತೆ ತಲೆ ಎಣಿಸಿದಳು. ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಮುಖ ಬಿಗಿಯಾಯಿತು.

"ಹೆನ್ರಿ ಎಲ್ಲಿ?"

ಎಲ್ಲರೂ ಅತ್ತಿತ್ತ ನೋಡಿದರು. ನಾನು ನೆರವಿಗೆ ಧಾವಿಸಿದೆ. "ಇಲ್ಲೇ ಇದ್ದಾರಲ್ಲ," ಎಂದು ಕೆಂಪುಗಡ್ಡದವನ ತೋಳು ಹಿಡಿದು ಮುಂದೆ ತಳ್ಳಿದೆ.

ಅವನು ಬಹಳ ವಿನಯದಿಂದ ಹೇಳಿದ, "ಮ್ಯಾಮ್, ನನ್ನ ಹೆಸರು ಬಾಬ್."

ಅಯ್ಯೋ ಎನಿಸಿತು. ಹಾಗಾದರೆ ನಿಜವಾಗಿಯೂ ಯಾರೋ ಹೆನ್ರಿ ಹಿಮದಲ್ಲಿ ಕಳೆದುಹೋಗಿದ್ದಾನೆ! ಈ ಚಳಿಯಲ್ಲಿ, ಯಾರ ಮನೆಯ ಮಗನೋ ಏನೋ. ಕಣ್ಣಲ್ಲಿ ನೀರೇ ಬಂತು. "ಪಾಪ, ಅವರ ಹೆಂಡತಿ ಬಂದಿದ್ದಾರಾ?" ಎಂದು ಡಾರಥಿಯನ್ನು ಕೇಳಿದೆ.

ಎಲ್ಲರೂ ನನ್ನನ್ನೇ ನೋಡಿದರು. ಡಾರಥಿ ನನ್ನ ಎರಡೂ ಭುಜ ಹಿಡಿದು ಮೆಲ್ಲಗೆ ಹೇಳಿದಳು, "ಹನಿ, ಹೆನ್ರಿ ನಿನ್ನ ಗಂಡ. ನೀನೇ ಅಲ್ಲವೇ ಕೂಗಿ ಕರೆದದ್ದು, ಹೆನ್ರೀ, ಹೆನ್ರೀ ಅಂತ?"

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಏನ್ರೀ! ನಾನು ಕಾರಿನ ಕಡೆ ಕೂಗಿದ ಏನ್ರೀ, ಈಕೆಯ ಕಿವಿಯಲ್ಲಿ ಹೆನ್ರಿಯಾಗಿ, ಸ್ಟಿಕ್ಕರೇರಿ, ನಮ್ಮವರ ಎದೆಯ ಮೇಲೆ ಕೂತು, ಬೆಳಗ್ಗೆಯಿಂದ ಕಾಡೆಲ್ಲ ಸುತ್ತಿದೆ! ನಗು ಬರಬೇಕಿತ್ತು. ಆದರೆ ಅದರ ಹಿಂದೆಯೇ ಎರಡನೆಯದೂ ಹೊಳೆಯಿತು. ಹೆನ್ರಿ ನಮ್ಮವರಾದರೆ, ಕಳೆದುಹೋದವರೂ ನಮ್ಮವರೇ.

ತಿರುಗಿ ನೋಡಿದೆ. ಎಲ್ಲೆಲ್ಲೂ ಬಿಳಿ, ಅದರಲ್ಲಿ ಕಪ್ಪು ಮರಗಳು, ಎಲ್ಲ ಮರಗಳೂ ಒಂದೇ ತರಹ. ಮೋಡ ಕವಿದಿತ್ತು, ಸಣ್ಣಗೆ ಮತ್ತೆ ಹಿಮ ಉದುರತೊಡಗಿತ್ತು. ಕೂಗಬೇಕು. ಹೆಸರು ಹಿಡಿದು ಕೂಗಬೇಕು. ಬಾಯಿ ತೆರೆದೆ. 'ನರ...' ಎನ್ನುವಷ್ಟರಲ್ಲಿ ಅಜ್ಜಿ ಬಂದು ಗಂಟಲಲ್ಲಿ ಕೂತುಬಿಟ್ಟರು. ಆಯಸ್ಸಿನ ಪರೀಕ್ಷೆಗೆ ಇದೇ ಹೊತ್ತು ಬೇಕೇ? ಹೊರಬಿದ್ದದ್ದು ಅದೇ.

"ಏನ್ರೀ...!"

ಅದೇ ಸಾಕಾಗಿತ್ತು. ಗುಂಪಿಗೆ ಗುಂಪೇ ಶುರುಮಾಡಿತು. ಡಾರಥಿ ಜೇನು ಸುರಿಸುತ್ತ "ಹೆನ್ರೀ", ಬಾಬ್ ಗುಹೆಯಿಂದ ಬಂದಂಥ ದನಿಯಲ್ಲಿ "ಹೆನ್ರೀ", ಹಿಂದಿದ್ದ ಹೆಂಗಸರು ರಾಗವಾಗಿ "ಹೆನ್ರೀ". ಇಡೀ ಮೇರಿಲ್ಯಾಂಡಿನ ಕಾಡು ನನ್ನ ಗಂಡನನ್ನು ಏನ್ರೀ ಏನ್ರೀ ಎಂದು ಕರೆಯುತ್ತಿತ್ತು. ಅಷ್ಟು ಭಯದಲ್ಲೂ, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಇದುವರೆಗೆ ಆ ಮಾತಿನ ಹಕ್ಕು ನನ್ನೊಬ್ಬಳದೇ ಆಗಿತ್ತು.

ಉತ್ತರವಿಲ್ಲ. ನನಗೆ ಕಾರಣ ಗೊತ್ತಿತ್ತು. ಮಂಕಿ ಟೋಪಿ. ಅದು ಕಿವಿಯ ಮೇಲಿದ್ದರೆ ಅವರಿಗೆ ಪಕ್ಕದಲ್ಲಿ ಮದುವೆಯ ವಾಲಗ ನುಡಿಸಿದರೂ ಕೇಳಿಸದು. ಬಂದ ದಾರಿಯಲ್ಲೇ ಹಿಂದೆ ನಡೆದೆವು. ಬ್ರೆಡ್ಡಿನ ಚೀಲ ಎಲ್ಲೋ ಹರಿದು ಕಾಲು ಒದ್ದೆಯಾಗಿ, ಬೆರಳುಗಳು ಇವೆಯೋ ಉದುರಿದವೋ ತಿಳಿಯುತ್ತಿರಲಿಲ್ಲ. ಏಪ್ರಿಲೂ ಬೇಡ, ಮೇಯೂ ಬೇಡ, ಇವರೊಬ್ಬರು ಸಿಗಲಿ, ಆಜನ್ಮ ಕಿಟಕಿಯಲ್ಲೇ ಕೂರುತ್ತೇನೆ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡೆ. ಸಿಸ್ಟರ್ ಫಿಲೊಮಿನಾರ ದೇವರನ್ನೂ ಬಿಡಲಿಲ್ಲ.

ದೊಡ್ಡದೊಂದು ಬಿದ್ದ ಮರದ ಹತ್ತಿರ ಒಂದೇ ಜೋಡಿ ಹೆಜ್ಜೆಗುರುತು ದಾರಿ ಬಿಟ್ಟು ಪಕ್ಕಕ್ಕೆ ಹೊರಟಿತ್ತು. ಕಾಫಿ ಕುಡಿದ ಗಂಡಸು ಕಾಡಿನಲ್ಲಿ ಏಕೆ ದಾರಿ ಬಿಡುತ್ತಾನೆಂದು ಎಲ್ಲರಿಗೂ ತಿಳಿಯಿತು. ಬೇರೆಯವರಾದರೆ ಒಂದು ಮರದ ಹಿಂದೆ ನಿಲ್ಲುತ್ತಿದ್ದರು. ನಮ್ಮವರ ಮರ್ಯಾದೆಗೆ ಒಂದು ಮರ ಸಾಕಾಗಿರಲಿಲ್ಲ. ಮರದಾಚೆ ಮರ, ಅದರಾಚೆ ಮರ ಎಂದು ಹೋಗುತ್ತಲೇ ಇದ್ದರು. ಕೊನೆಗೆ ಗುರುತು ಒಂದು ಇಳಿಜಾರಿನ ಅಂಚಿನಲ್ಲಿ ಮುಗಿದು, ಅಲ್ಲಿಂದ ಕೆಳಕ್ಕೆ ಯಾರೋ ಮೂಟೆ ಜಾರಿಸಿದಂತೆ ಒಂದು ಅಗಲವಾದ ಗೆರೆ.

"ಏನ್ರೀ!" ಎಂದೆ.

"ಹೆನ್ರೀ!" ಎಂದಿತು ಗುಂಪು.

ಕೆಳಗಿನಿಂದ ಬಂತು ದನಿ. ಗಾಬರಿಯಿಲ್ಲ, ಪಶ್ಚಾತ್ತಾಪವಿಲ್ಲ, ಬಾತ್‌ರೂಮಿನಿಂದ ಟವೆಲ್ ಕೇಳುವ ಅದೇ ದನಿ. "ಬಂದೇ ಅಂದ್ನಲ್ಲ! ಎಷ್ಟು ಸಲ ಕೂಗ್ತೀಯ? ಇವಳೇ! ಒಂದ್ ಕೈ ಕೊಡು ಬಾರೇ! ಇವಳೇ! ಇವಳೇ!"

ನನಗೆ ಆದ ಸಂತೋಷ ಹೇಳತೀರದು. ಆದರೆ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಬ್ ಮೋಡ ನೋಡತೊಡಗಿದ. ಡಾರಥಿ ನನ್ನ ಕೈಯನ್ನು ತನ್ನ ಕೈಗವಸಿನೊಳಗೆ ಹಿಡಿದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು, "ಹನಿ... ಈ ಎವಲೀ ಯಾರು?"

"ಯಾರು?"

"ಎವಲೀ, ಎವಲೀ ಅಂತ ಕರೆಯುತ್ತಿದ್ದಾನಲ್ಲ. ನಿನ್ನ ಹೆಸರು ಸೂ ಅಲ್ಲವೇ?"

ಮೊದಲು ಗಂಡ ಹೆನ್ರಿಯಾದ. ಈಗ ಆ ಹೆನ್ರಿಗೆ ಕಷ್ಟಕಾಲದಲ್ಲಿ ನೆನಪಾಗುವ ಇನ್ನೊಬ್ಬಳೂ ಹುಟ್ಟಿಕೊಂಡಳು! ನಮ್ಮವರಿಗೆ ಇರುವ ಒಬ್ಬಳನ್ನೇ ಸಂಭಾಳಿಸಲು ಬಾರದು. "ನಾನೇ, ನಾನೇ ಎವಲೀ! ಅವರು ನನ್ನನ್ನು ಹಾಗೇ ಕರೆಯುವುದು," ಎಂದು ಎದೆ ಮುಟ್ಟಿ ಹೇಳಿದೆ. ಡಾರಥಿ ನಿಟ್ಟುಸಿರು ಬಿಟ್ಟ ರಭಸಕ್ಕೆ ಅವಳ ಕತ್ತಿನ ಸೀಟಿ ತಾನಾಗಿಯೇ ಅಲ್ಲಾಡಿತು. "ಕೆರೊಲೈನಾದಲ್ಲಿ ನನ್ನ ಸೋದರತ್ತೆಯ ಹೆಸರೂ ಎವಲೀ! ನೀನು ಮೊದಲೇ ಹೇಳಬಾರದಿತ್ತೇ? ಸೂ ಅಂತೆ, ಸೂ!" ಎಂದು ನನ್ನನ್ನು ಬಾಚಿ ತಬ್ಬಿಕೊಂಡಳು.

ಇವೆಲ್ಲ ಮುಗಿಯುವವರೆಗೆ ನಮ್ಮವರು ಹಳ್ಳದಲ್ಲೇ ಇದ್ದರು. ಸೊಂಟದವರೆಗೆ ಹಿಮ, ತಲೆಗೆ ಟೋಪಿ, ಟೋಪಿಯ ತುಂಬ ಮುಳ್ಳುಕಾಯಿ. ಬಾಬ್ ಇಳಿದು ಅವರನ್ನು ಕಂಕುಳಿಗೆ ಕೈಹಾಕಿ ಮೂಲಂಗಿ ಕೀಳುವಂತೆ ಕಿತ್ತು ಮೇಲಿಟ್ಟ. ಬಲಗಾಲಿನ ಪಾದ ಉಳುಕಿತ್ತು, ಅಷ್ಟೇ. ಜೀವ ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿದೆ. ಕೈಮುಗಿದ ಬೆನ್ನಿಗೇ ಏಪ್ರಿಲ್ ನೆನಪಾಯಿತು. ಆಜನ್ಮ ಕಿಟಕಿಯ ಮಾತು ದೇವರು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಕ್ಕಿಲ್ಲ. ಆದರೆ ಗಂಡ ಹಾಗಲ್ಲ.

ಬಲಗಾಲು ಉಳುಕಿದವರು ಕಾರು ಓಡಿಸುವಂತಿಲ್ಲ, ನಾನು ಅಳಿಲಿನಿಂದ ಸೋತವಳು. ಹಾಗಾಗಿ ನಮ್ಮ ಕಾರನ್ನು ಡಾರಥಿಯೇ ಓಡಿಸಿದಳು, ಬಾಬ್ ಅವಳದನ್ನು ಹಿಂದೆ ತಂದ. ದಾರಿಯುದ್ದಕ್ಕೂ ಹೆನ್ರಿಗೆ ಉಪಚಾರವೋ ಉಪಚಾರ. ಹೆನ್ರಿ, ಕಾಲು ಚಾಚು. ಹೆನ್ರಿ, ಬೆಚ್ಚಗಿದೆಯಾ? ಹೆನ್ರಿ, ನೀನು ಒಂದು ಸಲವೂ ನರಳಲಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ ನಾನು ಕನ್ನಡದಲ್ಲಿ ಪಿಸುಗುಟ್ಟಿದೆ.

"ನಿಮ್ಮ ಹೆಸರು ಹೆನ್ರಿ ಅಂತ ತಿಳ್ಕೊಂಡಿದಾಳೆ. ಅಲ್ಲ ಅಂತ ಹೇಳ್ಬಿಡ್ರೀ."

ಅವರು ಮಫ್ಲರು ಸರಿಸಿ ಎದೆಯ ಮೇಲಿನ ಸ್ಟಿಕ್ಕರನ್ನು ತಲೆಕೆಳಗಾಗಿ ಓದಲು ಬಹಳ ಹೊತ್ತು ಪ್ರಯತ್ನಿಸಿದರು. "ಈಗ್ ಹೇಳಿ ಏನು ಮಾಡೋದು? ಅಷ್ಟೊಂದು ಜನ ಅಷ್ಟು ಕೂಗಿದಾರೆ ಪಾಪ. ಆಫೀಸಲ್ಲಿ ಒಬ್ಬನಾದ್ರೂ ನನ್ನ ಹೆಸರು ಪೂರ್ತಿ ಹೇಳಿದಾನಾ?" ಎಂದು ಮತ್ತೆ ಮಫ್ಲರು ಮುಚ್ಚಿಕೊಂಡರು.

"ಕೂಗಿದ್ದು ಕೇಳಿಸ್ತಾ ಹಾಗಾದ್ರೆ?"

"ಕೊನೇಲಿ ಟೋಪಿ ಸ್ವಲ್ಪ ಸರಿದಾಗ ಕೇಳಿಸ್ತು. ಎಲ್ಲಾ ಕಡೆಯಿಂದ ಏನ್ರೀ ಏನ್ರೀ ಏನ್ರೀ... ಸತ್ತೇ ಹೋದೆ ಅಂದ್ಕೊಂಡೆ ಕಣೇ. ಮೇಲ್ ಹೋದ್ರೂ ಇಷ್ಟೊಂದು ಹೆಂಡ್ತೀರಾ ಅಂತ."

ಮನೆಗೆ ಬಂದೆವು. ಅನುವನ್ನು ಕರೆತಂದ ಶಕುಂತಲಕ್ಕ ಬಾಗಿಲಲ್ಲೇ ನಿಂತು ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು ಕೂತ ನಮ್ಮವರನ್ನು ನೋಡಿದರು. "ಹೇಳಲಿಲ್ಲೇನು ನಾ? ನಾಯೀಗಿರೋ ಬುದ್ಧಿ ನಿಮಗಿಬ್ಬರಿಗೂ ಇಲ್ಲ," ಎಂದು ಹೇಳಿ, ಅಡುಗೆಮನೆಗೆ ಬಂದು ಒಂದು ಲೋಟ ಸಾರು ಕುಡಿದು, ಹೆನ್ರಿಯ ಕಥೆ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಮೆಟ್ಟಿಲಿಳಿದರು. ಕೆಳಮಹಡಿ ಮುಟ್ಟುವವರೆಗೂ ನಗು ಕೇಳಿಸುತ್ತಿತ್ತು.

ಆಮೇಲೆ ತೀರ್ಪು ಬಂತು. "ನೋಡು, ನಾನು ಮೊದಲೇ ಹೇಳಿದ್ದೆ," ಎಂದರು ಬಕೆಟ್ಟಿನಿಂದ. "ಮಾತು ಅಂದ್ರೆ ಮಾತು. ಇನ್ನು ಏಪ್ರಿಲ್‌ವರೆಗೂ ವಾಕು ಗೀಕು ಅನ್ನೋ ಹಾಗಿಲ್ಲ."

ಹಳ್ಳಕ್ಕೆ ಬಿದ್ದದ್ದು ನಾನಲ್ಲ ಎಂದು ಹೇಳಬಹುದಿತ್ತು. ನಡೆದಷ್ಟೂ ದೂರ ನಾನು ಒಂದು ಸಲವೂ ಜಾರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಊದಿದ ಆ ಪಾದ ನೋಡಿ ನೀರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದೆ. ಒಳಗೆ ಹೋಗಿ ಕುಕ್ಕರಿಗೆ ಅಕ್ಕಿ ಹಾಕಿದೆ. ಅದರ ಮುಖ ನೋಡಿದೆ. ಅದೂ ನನ್ನ ಮುಖ ನೋಡಿತು. ಇನ್ನು ನಾವಿಬ್ಬರೇ.

ಆಗ ಫೋನು ಹೊಡೆದುಕೊಂಡಿತು. ಅನು ಓಡಿಹೋಗಿ ಎತ್ತಿಕೊಂಡಳು.

"ಹಲೋ? ... ಹೂ? ... ನೋ, ದೇರ್ ಈಸ್ ನೋ ಹೆನ್ರಿ ಹಿಯರ್. ಯೂ ಹ್ಯಾವ್ ದ ರಾಂಗ್ ನಂಬರ್."

"ಏಯ್ ಅನೂ! ಇಡಬೇಡ, ಇಡಬೇಡ!" ಬಕೆಟ್ಟು ಉರುಳಿತು, ಉಪ್ಪುನೀರು ಕಾರ್ಪೆಟ್ಟಿನ ತುಂಬ ಹರಿಯಿತು. ನಮ್ಮವರು ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ರಿಸೀವರು ಕಸಿದುಕೊಂಡರು. ಗಂಟಲು ಸರಿಮಾಡಿಕೊಂಡು, ಆಫೀಸಿನಲ್ಲೂ ನಾನು ಕೇಳಿರದ ಒಂದು ಗಂಭೀರ ದನಿಯಲ್ಲಿ ಹೇಳಿದರು:

"ಯೆಸ್. ಹೆನ್ರಿ ಸ್ಪೀಕಿಂಗ್."

ಅನು ಬಾಯಿ ತೆರೆದು ನನ್ನನ್ನು ನೋಡಿದಳು. "ಅಮ್ಮಾ, ಅಪ್ಪ ಯಾಕೆ ಲೈಯಿಂಗ್?" ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ.

"ಓ, ಮಚ್ ಬೆಟರ್, ಥ್ಯಾಂಕ್ಯೂ... ನೋ ನೋ, ನಥಿಂಗ್ ಅಟ್ ಆಲ್, ಎ ಸ್ಮಾಲ್ ಸ್ಲಿಪ್... ಎವಲೀ? ಎವಲೀ ಈಸ್ ಫೈನ್, ಶೀ ಈಸ್ ಕುಕಿಂಗ್... ನೆಕ್ಸ್ಟ್ ಸ್ಯಾಟರ್‌ಡೇ?" ಇಲ್ಲಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಸೌಟು ಹಿಡಿದು ನಿಂತಿದ್ದೆ. "ವೈ ನಾಟ್? ಆಫ್ ಕೋರ್ಸ್ ಶೀ ವಿಲ್ ಕಮ್. ವಾಕಿಂಗ್ ಈಸ್ ವೆರಿ ಗುಡ್ ಫಾರ್ ಹೆಲ್ತ್."

ಫೋನಿಟ್ಟು ಮತ್ತೆ ಕುಪ್ಪಳಿಸಿಕೊಂಡು ಸೋಫಾಗೆ ಹೋಗಿ, ಖಾಲಿ ಬಕೆಟ್ಟಿನಲ್ಲಿ ಕಾಲಿಟ್ಟು ಕೂತರು. "ನನ್ನ ಕಾಲು ಸರಿಹೋಗೋವರೆಗೆ ನಿನ್ನನ್ನ ಕರ್ಕೊಂಡು ಹೋಗೋಕೆ ಡಾರಥಿಯೇ ಕಾರ್ ತರ್ತಾಳಂತೆ. ಬೆಳಗ್ಗೆ ರೆಡಿಯಾಗಿರು, ಕಾಯಿಸಬೇಡ."

"ಮತ್ತೆ ಏಪ್ರಿಲ್?"

"ಏನು ಏಪ್ರಿಲ್?" ಎಂದರು.

ನಾನು ಹೋಗಿ ಬಕೆಟ್ಟಿಗೆ ಮತ್ತೆ ಬಿಸಿನೀರು ತುಂಬಿದೆ. ಏಪ್ರಿಲ್‌ವರೆಗೆ ಕದಲಬಾರದೆಂದು ಹೇಳಿದವರು ನರಸಿಂಹಮೂರ್ತಿ. ಹೆನ್ರಿ ಅಂಥ ಮಾತೇನೂ ಆಡಿರಲಿಲ್ಲ.